ಹೊಸ ನಿವೇಶನ: ಯಾರ ಪಕ್ಕ ಯಾರ ಮನೆ?

(ಹುಲಿಕೆರೆಯ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರರೊಬ್ಬರು ಆಡಿದ ಮಾತುಗಳ ಬರಹ ರೂಪ)

ಪ್ರವಚನ ಹೇಳುವಷ್ಟು ಓದಿದವನು ನಾನಲ್ಲ. ರಸ್ತೆ, ಚರಂಡಿ, ನೀರಿನ ಟ್ಯಾಂಕು ಎಂದು ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನು. ಆದ್ದರಿಂದ ಅಳತೆ, ಲೆಕ್ಕಗಳಿಂದಲೇ ಮಾತು ಶುರು ಮಾಡುತ್ತೇನೆ. ಅವು ನಮ್ಮನ್ನು ಶರಣರ ಬಳಿಗೇ ಕರೆದೊಯ್ಯುತ್ತವೆ ಎಂಬ ನಂಬಿಕೆ ನನಗಿದೆ.

ಹುಲಿಕೆರೆಯಂಥ ಊರುಗಳಲ್ಲಿ ನಿವೇಶನ ಬೇಕೆಂಬ ಮಾತು ವರ್ಷ ವರ್ಷವೂ ಏಳುತ್ತದೆ. ಏಳಲೇಬೇಕು. ಒಂದೇ ಸೂರಿನಡಿ ಮೂರು ಒಲೆ ಉರಿಯುವ ಮನೆಗಳಿವೆ. ಅಣ್ಣತಮ್ಮಂದಿರು ಭಾಗವಾದರೂ ಗೋಡೆ ಹಾಕಲು ಜಾಗವಿಲ್ಲ. ಇನ್ನೊಬ್ಬರ ಹಿತ್ತಲಲ್ಲಿ ಶೀಟು ಹೊದಿಸಿಕೊಂಡು ಕೂಲಿಗೆ ಹೋಗುವ ಕುಟುಂಬಗಳಿವೆ. ಸ್ವಂತ ಮನೆಯಿಲ್ಲದ್ದಕ್ಕೆ ಹೆಣ್ಣು ಸಿಗದೆ ಕುಳಿತ ಹುಡುಗರಿದ್ದಾರೆ. ಇಂಥ ಊರಿಗೆ ಎರಡು ಎಕರೆ ಜಾಗ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಆಗ ಊರು ಎರಡು ಪ್ರಶ್ನೆ ಕೇಳುತ್ತದೆ: ಎಲ್ಲಿ? ಯಾರಿಗೆ? ಮೂರನೆಯ ಪ್ರಶ್ನೆಯೊಂದಿದೆ: ಯಾರ ಪಕ್ಕ ಯಾರು? ಗ್ರಾಮಸಭೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಉತ್ತರ ಮೊದಲೇ ತಯಾರಾಗಿರುತ್ತದೆ. ನಾನು ಇವತ್ತು ಮಾತಾಡಬೇಕಾದದ್ದು ಈ ಮೂರನೆಯ ಪ್ರಶ್ನೆಯ ಬಗ್ಗೆ. ಅದಕ್ಕೆ ಮೊದಲು ಉಳಿದೆರಡನ್ನು ಮುಗಿಸಿಕೊಳ್ಳೋಣ.

ಮೊದಲು ಜಾಗದ ಲೆಕ್ಕ. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. ರಸ್ತೆ, ಚರಂಡಿ, ಮಕ್ಕಳು ಆಡುವ ಬಯಲು ಇವಕ್ಕೆ ನೂರಕ್ಕೆ 45 ಪಾಲು ಬಿಟ್ಟರೆ ಉಳಿಯುವುದು ಸುಮಾರು 24,000 ಚದರಡಿ. ಮೂವತ್ತು ನಲವತ್ತರ ನಿವೇಶನವಾದರೆ ಎಕರೆಗೆ 20, ಇಪ್ಪತ್ತು ಮೂವತ್ತರದಾದರೆ 40. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಅಡುಗೆಮನೆಯೂ ಸೇರಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 270 ಚದರಡಿಯ ಆಸುಪಾಸು. ಚಿಕ್ಕ ನಿವೇಶನದಲ್ಲೂ ಅದು ಹಿಡಿಯುತ್ತದೆ. ಆದರೆ ಹಳ್ಳಿಯ ಮನೆಗೆ ಹಸು ಕಟ್ಟುವ ಜಾಗ ಬೇಕು, ಸೌದೆ ಒಟ್ಟಬೇಕು, ರಾಗಿ ಹುಲ್ಲಿಗೆ ನೆಲೆ ಬೇಕು. ಹಿತ್ತಲಿಲ್ಲದ ಮನೆ ಕೊಟ್ಟರೆ ಹಸು ರಸ್ತೆಗೆ ಬರುತ್ತದೆ, ಜಗಳವೂ ಅದರ ಹಿಂದೆಯೇ ಬರುತ್ತದೆ. ಜಾಗವಿದ್ದರೆ ದೊಡ್ಡ ಅಳತೆಗೇ ಪಟ್ಟು ಹಿಡಿಯಿರಿ.

ಎಲ್ಲಿ ಎಂದಾಗ ಎಲ್ಲರ ಬೆರಳೂ ಗೋಮಾಳದ ಕಡೆ ಹೋಗುತ್ತದೆ. ನೂರು ದನಗಳಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಉಳಿಸಬೇಕೆಂದು ನಮ್ಮ ಭೂಕಂದಾಯ ನಿಯಮ ಹೇಳುತ್ತದೆ. ಊರಿನ ಸಾಮೂಹಿಕ ಜಾಗಗಳನ್ನು ಕಾಪಾಡಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆದ್ದರಿಂದ ಮೊದಲು ದನ ಎಣಿಸಿ, ಆಮೇಲೆ ಎಕರೆ ಎಣಿಸಿ. ಒತ್ತುವರಿಯಾದ ಗೋಮಾಳ ಯಾರ ಕೈಯಲ್ಲಿದೆ ಎಂಬುದನ್ನೂ ಅದೇ ಸಭೆಯಲ್ಲಿ ಕೇಳಿ. ಇನ್ನು ಕೆರೆಯಂಗಳದ ಮಾತು. ಹತ್ತು ವರ್ಷ ಒಣಗಿದ ಕೆರೆಯ ಅಂಗಳ ನೋಡಿದರೆ ಆಸೆ ಹುಟ್ಟುತ್ತದೆ. ಅಲ್ಲಿ ಮನೆ ಕಟ್ಟಲೇಬಾರದು. ಹತ್ತು ವರ್ಷ ಬಾರದ ನೀರು ಹನ್ನೊಂದನೆಯ ವರ್ಷ ಬರುತ್ತದೆ, ತನ್ನ ಜಾಗ ಕೇಳುತ್ತದೆ.

ಇನ್ನು ನೀರು. ಜಲಜೀವನ್ ಯೋಜನೆಯ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. 40 ಮನೆಗಳಲ್ಲಿ ಮನೆಗೆ ಐವರಂತೆ 200 ಜನ, ದಿನಕ್ಕೆ 11,000 ಲೀಟರ್. ಅದರಲ್ಲಿ ನೂರಕ್ಕೆ 80 ಪಾಲು ಬಚ್ಚಲು, ಪಾತ್ರೆ ತೊಳೆದ ನೀರಾಗಿ ಹೊರಗೆ ಬರುತ್ತದೆ, ಸುಮಾರು 9,000 ಲೀಟರ್. ಬರುವ ನೀರಿನ ಬಗ್ಗೆ ಊರು ಜಗಳವಾಡುತ್ತದೆ, ಹೋಗುವ ನೀರಿನ ಬಗ್ಗೆ ಯಾರೂ ಕೇಳುವುದಿಲ್ಲ. ನಿಮ್ಮೂರಿನಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯಿದೆ. ಸುತ್ತ ಪುಟ್ಟ ಪುಟ್ಟ ಗುಡಿಗಳಿರುವ ಆ ಮೆಟ್ಟಿಲುಗಳನ್ನು ನೋಡಲು ಹಳೇಬೀಡಿಗೆ ಬಂದವರು ಇಲ್ಲಿಯವರೆಗೂ ಬರುತ್ತಾರೆ. ನೆಲಮಟ್ಟಕ್ಕಿಂತ ಕೆಳಗಿರುವ ಇಂಥ ಕೊಳಕ್ಕೆ ಸುತ್ತಲ ಅಂತರ್ಜಲವೇ ಜೀವ. ಅದರ ಮೇಲ್ಗಡೆಯ ಇಳಿಜಾರಿನಲ್ಲಿ 40 ಶೌಚದ ಗುಂಡಿ ತೋಡಿದರೆ ಆ ಕೊಳೆ ಒಂದಲ್ಲ ಒಂದು ದಿನ ಕೆಳಗಿಳಿಯುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕೇಂದ್ರದ ಸಂರಕ್ಷಿತ ಸ್ಮಾರಕವಿದ್ದರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು ಎಂದು ಕಾನೂನಿದೆ. ಆದರೆ ಸ್ವಂತ ಊರಿನ ಕೊಳವನ್ನು ಕಾಪಾಡಲು ನಮಗೆ ಕಾನೂನಿನ ಹೆದರಿಕೆ ಬೇಕಾಗಬಾರದು. ನೀರಿಗಿಂತ ಕೆಳಗೆ ಮನೆ, ಮನೆಗಿಂತ ಮೇಲೆ ನೀರು, ಇಷ್ಟು ನೆನಪಿಟ್ಟರೆ ಸಾಕು.

ಎರಡನೆಯ ಪ್ರಶ್ನೆ: ಯಾರಿಗೆ? ಪಟ್ಟಿ ಮಾಡುವ ಹಕ್ಕು ವಾರ್ಡ್ ಸಭೆಗೂ ಗ್ರಾಮಸಭೆಗೂ ಇದೆ. ಪಟ್ಟಿ ಯಾರದೋ ಜಗಲಿಯ ಮೇಲೆ ತಯಾರಾಗಿ ಸಭೆಗೆ ಸಹಿಗಷ್ಟೇ ಬರುವುದು ಹಲವು ಕಡೆ ನಡೆಯುತ್ತದೆ. ಸ್ವಂತ ಮನೆ, ಹೊಲ, ತೋಟ ಇದ್ದೂ ಮಗನ ಹೆಸರಿಗೊಂದು, ಸೊಸೆಯ ಹೆಸರಿಗೊಂದು ಎಂದು ಅರ್ಜಿ ಹಾಕುವವರು ನಮ್ಮಲ್ಲೇ ಇದ್ದಾರೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಏನು ಮಾಡಿದರು? ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ತಂದಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಒಂದು ಹಿಡಿ ಅಕ್ಕಿಯ ವಿಷಯದಲ್ಲಿ ಆ ತಾಯಿ ಅಷ್ಟು ನಿಷ್ಠುರವಾಗಿದ್ದರು. ಆ ಕತೆಯನ್ನು ಕೇಳಿ ತಲೆದೂಗುವ ನಾವು ಬೇಡದ ನಿವೇಶನಕ್ಕೆ ಅರ್ಜಿ ಹಾಕಬಹುದೇ? ಹಾಕಿರುವವರು ಸಭೆಯಲ್ಲಿ ಎದ್ದು ನಿಂತು ವಾಪಸು ಪಡೆದರೆ, ನೂರು ಪ್ರವಚನ ಮಾಡದ ಕೆಲಸವನ್ನು ಅದೊಂದೇ ಮಾಡುತ್ತದೆ.

ಈಗ ಮೂರನೆಯದು.

ಊರಿನ ಹಳೆಯ ನಕ್ಷೆ ನೋಡಿ. ನಡುವೆ ಊರು, ಅದರಾಚೆ ಕೇರಿ. ಇದನ್ನು ಹಾಕಿದವರು ನಾವಲ್ಲ, ಹಿಂದಿನವರು ಎಂದು ಹೇಳಿಬಿಡಬಹುದು. ಆದರೆ ದೇವರಾಜ ಅರಸು ಅವರ ಕಾಲದಲ್ಲಿ ಬಡವರಿಗೆ ನಿವೇಶನ ಬಂತು, ಜನತಾ ಮನೆಗಳು ಬಂದವು. ತೊಂಬತ್ತರ ದಶಕದಲ್ಲಿ ಆಶ್ರಯ ಮನೆಗಳು ಬಂದವು. ಬಡವರ ತಲೆಯ ಮೇಲೆ ಸೂರಾಯಿತು, ಅದು ಸಣ್ಣ ಮಾತಲ್ಲ. ಆದರೆ ಅವು ಎಲ್ಲಿ ನಿಂತವು? ಎ.ಕೆ. ಕಾಲೊನಿ, ಜನತಾ ಕಾಲೊನಿ ಎಂಬ ಹೆಸರುಗಳು ಯಾವ ದಿಕ್ಕಿನಲ್ಲಿವೆ? ಇದು ಹನ್ನೆರಡನೆಯ ಶತಮಾನದ ಗೆರೆಯಲ್ಲ. ನಮ್ಮ ಕಣ್ಣೆದುರೇ ಟೇಪು ಹಿಡಿದು, ಸುಣ್ಣ ಚೆಲ್ಲಿ ಎಳೆದ ಗೆರೆ.

ಇದು ಆಗುವ ಬಗೆ ತುಂಬ ಸರಳ. ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ್ ಯೋಜನೆ, ಉಳಿದ ಬಡವರಿಗೆ ಬಸವ ವಸತಿ ಯೋಜನೆ. ಯೋಜನೆಗೊಂದು ಪಟ್ಟಿ. ಬರೆಯುವವನು ಪಟ್ಟಿಗೊಂದು ಸಾಲು ಮಾಡಿಬಿಡುತ್ತಾನೆ, ಲೆಕ್ಕಕ್ಕೆ ಸುಲಭ ಎಂದು. ಮೀಸಲಾತಿ ಎಷ್ಟು ಮನೆ ಎಂದು ಹೇಳುತ್ತದೆಯೇ ಹೊರತು ಅವೆಲ್ಲ ಒಂದೇ ಸಾಲಿನಲ್ಲಿರಲಿ ಎನ್ನುವುದಿಲ್ಲ. ನೌಕರಿಯಲ್ಲಿದ್ದಾಗ ನಾನು ನೋಡಿದ ಬಡಾವಣೆಯ ನಕ್ಷೆಯೊಂದರಲ್ಲಿ ಪ್ರತಿ ಸಾಲಿನ ತುದಿಯಲ್ಲೂ ಪೆನ್ಸಿಲಿನಲ್ಲಿ ಒಂದೊಂದು ಜಾತಿಯ ಮೊದಲಕ್ಷರವಿತ್ತು. ಆದೇಶದಲ್ಲಿ ಅದಿರಲಿಲ್ಲ, ಠರಾವಿನಲ್ಲೂ ಇರಲಿಲ್ಲ. ಮನೆಗಳು ಮಾತ್ರ ಆ ಪೆನ್ಸಿಲಿನಂತೆಯೇ ಎದ್ದವು.

ಸಾಲು ಬೇರೆಯಾದರೆ ಏನು ಮಹಾ, ಎಲ್ಲರಿಗೂ ಮನೆ ಸಿಕ್ಕಿತಲ್ಲ ಎನ್ನಬಹುದು. ಎಂಜಿನಿಯರಾಗಿ ಇದಕ್ಕೆ ಉತ್ತರ ಕೊಡುತ್ತೇನೆ. ಟ್ಯಾಂಕು ಎತ್ತರದಲ್ಲಿರುತ್ತದೆ, ಪೈಪು ಅಲ್ಲಿಂದ ಇಳಿಯುತ್ತದೆ. ನೀರು ಕಡಿಮೆ ಬಿಟ್ಟ ದಿನ ಮೊದಲ ಸಾಲಿನ ನಲ್ಲಿಗಳು ತೆರೆದಿದ್ದರೆ ಕೊನೆಯ ಸಾಲಿಗೆ ಬರುವುದು ಗಾಳಿ. ಚರಂಡಿಯದು ಇದಕ್ಕೆ ತಿರುವುಮುರುವು. ಮೇಲಿನ ಎಲ್ಲ ಮನೆಗಳ ಕೊಳೆ ಕೊನೆಯ ಸಾಲಿನ ಬಾಗಿಲ ಮುಂದೆ ಹಾಯುತ್ತದೆ. ಬೀದಿದೀಪದ ತಂತಿ ಅಲ್ಲಿಗೆ ಮುಟ್ಟುವುದು ಕೊನೆಗೆ, ಡಾಂಬರು ಮುಗಿಯುವುದು ಅದಕ್ಕಿಂತ ಮೊದಲೇ. ಆ ಕೊನೆಯ ಸಾಲಿನಲ್ಲಿ ಎಲ್ಲ ಜಾತಿಯವರೂ ಇದ್ದರೆ ಒಂದೇ ತಿಂಗಳಲ್ಲಿ ಪಂಚಾಯಿತಿ ದುರಸ್ತಿ ಮಾಡುತ್ತದೆ. ಒಂದೇ ಜಾತಿಯವರಿದ್ದರೆ ಮೂವತ್ತು ವರ್ಷವಾದರೂ ಹಾಗೇ ಇರುತ್ತದೆ.

ಬೇರೆ ದಾರಿ ಇದೆಯೇ? ಇದೆ. ನೆರೆಯ ತಮಿಳುನಾಡಿನಲ್ಲಿ 1998ರಲ್ಲಿ ಮಧುರೆ ಜಿಲ್ಲೆಯ ಮೇಲಕೋಟೈಯಲ್ಲಿ ಮೊದಲ ಪೆರಿಯಾರ್ ಸಮತ್ವಪುರ ಆರಂಭವಾಯಿತು. 100 ಮನೆಗಳಲ್ಲಿ ಪರಿಶಿಷ್ಟರಿಗೆ 40, ಹಿಂದುಳಿದವರಿಗೆ 25, ಅತಿ ಹಿಂದುಳಿದವರಿಗೆ 25, ಉಳಿದವರಿಗೆ 10. ಬೆರೆತ ಮನೆಗಳು, ಎಲ್ಲರಿಗೂ ಒಂದೇ ಸಮುದಾಯ ಭವನ, ಒಂದೇ ಸ್ಮಶಾನ. ಅಂಥವು ಅಲ್ಲಿ ಇನ್ನೂರಕ್ಕೂ ಮೇಲೆ ಇವೆ. ಸಿಂಗಾಪುರದಲ್ಲಿ 1989ರಿಂದ ಸರ್ಕಾರಿ ವಸತಿಯ ಪ್ರತಿ ಕಟ್ಟಡದಲ್ಲೂ ಚೀನೀಯರು, ಮಲಯರು, ಭಾರತೀಯರು ಇಷ್ಟಿಷ್ಟಕ್ಕಿಂತ ಹೆಚ್ಚಾಗಬಾರದು ಎಂಬ ಮಿತಿಯಿದೆ. ಬೆರೆಸಿದ ಮಾತ್ರಕ್ಕೆ ಮನಸ್ಸು ಬೆರೆಯುತ್ತದೆ ಎಂದು ನಾನು ಹೇಳುವುದಿಲ್ಲ. ಬೇರೆ ಬೇರೆ ಇಟ್ಟರೆ ಬೆರೆಯುವ ಅವಕಾಶವೇ ಇಲ್ಲ ಎಂದಷ್ಟೇ ಹೇಳುತ್ತೇನೆ.

ಇನ್ನೊಂದು ಮಾತನ್ನು ನಾವು ಕಿವಿಗೊಟ್ಟು ಕೇಳಬೇಕು. ನಿಮ್ಮ ನಡುವೆ ಒಂಟಿಯಾಗಿ ಇರುವುದಕ್ಕಿಂತ ನಮ್ಮವರ ಜೊತೆ ಇರುವುದೇ ಕ್ಷೇಮ ಎಂದು ಕೇರಿಯವರೇ ಹೇಳಬಹುದು. ಅದು ಸುಳ್ಳು ಭಯವಲ್ಲ. 1942ರಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ನಾಗಪುರದಲ್ಲಿ ಸೇರಿದ್ದ ಸಮ್ಮೇಳನ ತಮ್ಮ ಜನರಿಗೆ ಪ್ರತ್ಯೇಕ ಹಳ್ಳಿಗಳೇ ಬೇಕೆಂದು ಠರಾವು ಮಾಡಿತ್ತು. ಸವರ್ಣರ ಹಳ್ಳಿಯ ಬಗ್ಗೆ ಅಷ್ಟು ನೊಂದಿದ್ದರು. ಆದ್ದರಿಂದ ಬೆರೆತು ಬಾಳಿ ಎಂದು ಅವರಿಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಅವರ ಭಯಕ್ಕೆ ಕಾರಣವಾದ ನಡವಳಿಕೆ ಬಿಡುವುದು ನಮ್ಮ ಕೆಲಸ. ಒಟ್ಟಿಗಿರಬೇಕೆನ್ನುವ ಎರಡು ಮೂರು ಕುಟುಂಬಗಳು, ಯಾವ ಜಾತಿಯವರೇ ಇರಲಿ, ಒಂದೇ ಚೀಟಿಯಲ್ಲಿ ಹೆಸರು ಕೊಡಲಿ, ಅಕ್ಕಪಕ್ಕದ ನಿವೇಶನ ಪಡೆಯಲಿ. ಆದರೆ ಇಡೀ ಸಾಲು ಒಂದೇ ಜಾತಿಯದಾಗದಿರಲಿ. ಕೊನೆಯ ಸಾಲಂತೂ ಆಗಲೇಬಾರದು.

ನನ್ನ ಸಲಹೆ ಇಷ್ಟು. ನಕ್ಷೆ ಬರೆಯುವುದಕ್ಕೆ ಮೊದಲು ಗ್ರಾಮಸಭೆಯಲ್ಲಿ ಒಂದು ಠರಾವು ಆಗಲಿ: ಈ ಬಡಾವಣೆಯಲ್ಲಿ ಜಾತಿವಾರು ಸಾಲಿಲ್ಲ. ಅರ್ಹರ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲಿ. ಯಾವ ಯೋಜನೆಯಡಿ ಎಷ್ಟು ಮನೆ ಎಂಬುದು ಕಡತದಲ್ಲಿರಲಿ. ಯಾರಿಗೆ ಯಾವ ನಂಬರು ಎಂಬುದನ್ನು ಶಾಲೆಯ ಮಗುವೊಂದು ಎಲ್ಲರೆದುರು ಚೀಟಿ ಎತ್ತಿ ಹೇಳಲಿ. ಹಕ್ಕುಪತ್ರ ಮನೆಯ ಹೆಣ್ಣುಮಗಳ ಹೆಸರಿನಲ್ಲಿರಲಿ. ಟ್ಯಾಂಕು, ಅಂಗನವಾಡಿ, ಭವನ ಎಲ್ಲವೂ ಬಡಾವಣೆಯ ನಡುವೆ ಬರಲಿ. ಹೆಸರಿಡುವಾಗ ಕಾಲೊನಿ ಎಂಬ ಪದ ಬೇಡ. ಅದೂ ಹುಲಿಕೆರೆಯೇ ಆಗಿರಲಿ.

ನಮ್ಮವರಿಂದ ಆಕ್ಷೇಪ ಬರುತ್ತದೆ. ಪೂಜೆಗೆ, ಮಡಿಗೆ ತೊಂದರೆಯಾಗುತ್ತದೆ, ನಾಳೆ ಹೆಣ್ಣು ಕೊಡುವವರು ಏನೆನ್ನುತ್ತಾರೆ ಎನ್ನುತ್ತಾರೆ. ಇಷ್ಟಲಿಂಗ ಅಂಗೈಯಲ್ಲಿರುವವರಿಗೆ ಪಕ್ಕದ ಗೋಡೆಯಿಂದ ಬರುವ ಮೈಲಿಗೆ ಯಾವುದು? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನು ತಮ್ಮ ಹಿರಿಯರೆಂದು ಕರೆದವರು ಬಸವಣ್ಣನವರು. ಹರಳಯ್ಯ, ಮಧುವರಸರು ಬೀಗರಾದದ್ದಕ್ಕೆ ಪ್ರಾಣವನ್ನೇ ಕೊಟ್ಟರು. ಅವರು ಬೀಗತನಕ್ಕೆ ಪ್ರಾಣ ಕೊಟ್ಟರು, ನಾವು ಬರಿಯ ನೆರೆತನಕ್ಕೆ ಹಿಂದೇಟು ಹಾಕುತ್ತಿದ್ದೇವೆ. ಬಸವ ಎಂಬ ಹೆಸರಿನ ಯೋಜನೆಯಲ್ಲಿ ಮನೆ ಪಡೆದು, ಪಕ್ಕದ ಮನೆಯವರ ಜಾತಿ ಕೇಳುವುದು ಆ ಹೆಸರಿಗೆ ಮಾಡುವ ಮರ್ಯಾದೆಯಲ್ಲ.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದವರು, ನನ್ನಂಥ ಎಂಜಿನಿಯರುಗಳಿಗೆ ಹಿರಿಯಜ್ಜ. ಕಲ್ಲು ಮಣ್ಣಿನ ಕೆಲಸವಷ್ಟೇ ಸಾಲದು, ಒಳಗಿನ ಕೆಲಸವೂ ಇದೆ ಎಂದು ಅಲ್ಲಮಪ್ರಭುಗಳು ಅವರಿಗೆ ತೋರಿಸಿಕೊಟ್ಟ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಇಳಿಜಾರು, ಪೈಪು, ಗುಂಡಿಯ ಅಳತೆಗೆ ಎಂಜಿನಿಯರು ಸಿಗುತ್ತಾನೆ. ಯಾರ ಪಕ್ಕ ಯಾರು ಎಂಬುದನ್ನು ಅವನ ಪೆನ್ಸಿಲಿಗೆ ಬಿಡಬೇಡಿ. ಅದು ನೀವು ಗ್ರಾಮಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸಬೇಕಾದ ವಿಷಯ. ಒಮ್ಮೆ ಗೋಡೆ ಎದ್ದ ಮೇಲೆ ನೂರು ವರ್ಷ ಅದನ್ನು ಅಳಿಸಲಾಗದು.