ಬ್ರಸೆಲ್ಸ್‌ನ ಕಾನೂನು, ಬಾಬಾಬುಡನ್‌ಗಿರಿಯ ಕಾಫಿ

ತರೀಕೆರೆ ತಾಲೂಕಿನ ಅಮೃತಾಪುರದಿಂದ ಒಬ್ಬ ತಾಯಿ ಫೋನ್ ಮಾಡಿದ್ರು. "ಸರ್, ಮಗಳು ಬಿ.ಎ. ಮುಗಿಸ್ತಿದ್ದಾಳೆ. ಯುರೋಪಿನ ದೇಶಗಳು ಹೇಗೆ ಒಂದಾದವು ಅನ್ನೋದನ್ನೇ ಎಂ.ಎ.ಗೆ ತಗೋತೀನಿ ಅಂತಾಳೆ. ಅದನ್ನ ಓದಿ ಏನು ಮಾಡೋದು?" ನಾನು ಎಂಜಿನಿಯರಿಂಗ್ ಓದಿ ಕ್ಯಾಮೆರಾ ಮುಂದೆ ಕೂತವನು. ಓದಿದ್ದಕ್ಕೂ ಮಾಡೋ ಕೆಲಸಕ್ಕೂ ಸಂಬಂಧ ಇರಲೇಬೇಕು ಅಂತ ನಾನಂತೂ ಹೇಳೋ ಹಾಗಿಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದು. ಫೀಸು ಕಟ್ಟೋರು ಅವರು.

ಮೊದಲು ವಿಷಯ ಏನು ಅಂತ ನೋಡೋಣ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ಶೂಮನ್ ಒಂದು ಪ್ರಸ್ತಾಪ ಇಟ್ಟರು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕು ಎರಡನ್ನೂ ಒಂದೇ ಆಡಳಿತದ ಕೆಳಗೆ ತರೋಣ ಅಂತ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಹೋಗಿದ್ದನ್ನ ಬಲ್ಲ ತರೀಕೆರೆ ಸೀಮೆಯವರಿಗೆ ಇದರ ಮರ್ಮ ಬೇಗ ಹೊಳೆಯುತ್ತೆ. ಕಬ್ಬಿಣ, ಇದ್ದಿಲು ಎರಡೂ ಜಂಟಿ ಲೆಕ್ಕದಲ್ಲಿದ್ದರೆ ಗುಟ್ಟಾಗಿ ಫಿರಂಗಿ ಮಾಡೋದು ಕಷ್ಟ! 1951ರಲ್ಲಿ ಆರು ದೇಶಗಳು ಸಹಿ ಹಾಕಿದವು. ಈಗ 27. ಬ್ರಿಟನ್ 2020ರಲ್ಲಿ ಹೊರಗೆ ಹೋಯ್ತು, ಅದೂ ಈ ಓದಿನ ಭಾಗವೇ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತೆ, ಅದರ ದೊಡ್ಡ ಗಿರಾಕಿ ಇಟಲಿ. 2023ರಲ್ಲಿ ಯುರೋಪಿಯನ್ ಒಕ್ಕೂಟ ಅರಣ್ಯನಾಶದ ವಿರುದ್ಧ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಬರಕೂಡದು. ತೋಟ ಎಲ್ಲಿದೆ ಅಂತ ಅಕ್ಷಾಂಶ, ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರ್ ದಾಟಿದರೆ ಇಡೀ ಗಡಿಯನ್ನೇ ಗುರುತಿಸಿ ಕೊಡಬೇಕು. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ, ನಿಜ. ಆದರೆ ಕಾನೂನು ಹೋಗಿಲ್ಲ.

ಬಾಬಾಬುಡನ್‌ಗಿರಿಯ ಇಳಿಜಾರಲ್ಲಿ ಕಾಫಿ ಬೆಳೆಯೋದು ಮರಗಳ ನೆರಳಲ್ಲಿ. ಉಪಗ್ರಹದ ಚಿತ್ರದಲ್ಲಿ ಅದು ಕಾಡಿನ ಹಾಗೇ ಕಾಣಬಹುದು. ನೆರಳಿನ ಮರ ಕಸಿ ಮಾಡಿದರೆ ಕಾಡು ಕಡಿದರು ಅಂತ ಯಾರಾದರೂ ಅಂದುಕೊಂಡರೆ? ಅದೇ ಕಾನೂನಿನ ಎರಡನೇ ವಿಧಿಯಲ್ಲಿ ಇದಕ್ಕೆ ಉತ್ತರ ಇದೆ. ಮರದ ನೆರಳಲ್ಲಿ ಬೆಳೆ ತೆಗೆಯೋ ತೋಟ 'ಕಾಡು' ಅನ್ನೋ ವ್ಯಾಖ್ಯೆಗೆ ಸೇರೋದಿಲ್ಲ. ಆ ಸಾಲನ್ನ ಹುಡುಕಿ, ಎದುರಿಗೆ ಇಟ್ಟು ವಾದ ಮಾಡೋರು ನಮ್ಮ ಕಡೆ ಎಷ್ಟು ಜನ ಇದ್ದಾರೆ ಹೇಳಿ? ಅಮೃತಾಪುರದ ದೇವಸ್ಥಾನ 1196ರದ್ದು, ಅಲ್ಲಿನ ಶಾಸನಕ್ಕೆ ಪದ್ಯ ಬರೆದವನು ಕವಿ ಜನ್ನ. ಕಲ್ಲಲ್ಲಿ ಬರೆದದ್ದನ್ನೂ ಓದಿ ಹೇಳೋಕೆ ಒಬ್ಬರು ಬೇಕೇ ಬೇಕಲ್ವಾ?

ಹಾಗಾಗಿ ಕೆಲಸ ಎಲ್ಲಿ ಅಂದ್ರೆ, ರಫ್ತು ಕಂಪನಿಗಳಲ್ಲಿ, ಬೆಳೆಗಾರರ ಸಂಘಗಳಲ್ಲಿ, ಪ್ರಮಾಣಪತ್ರ ಕೊಡೋ ಸಂಸ್ಥೆಗಳಲ್ಲಿ, ವ್ಯಾಪಾರದ ಕಾನೂನು ನೋಡೋ ಕಚೇರಿಗಳಲ್ಲಿ, ಸಂಶೋಧನೆಯಲ್ಲಿ, ನಮ್ಮಂಥ ಸುದ್ದಿಮನೆಗಳಲ್ಲೂ. ಭಾರತ ಮತ್ತು ಯುರೋಪಿನ ಮುಕ್ತ ವ್ಯಾಪಾರ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಎದ್ದಿತು. ಇಂಥ ವಿಷಯದಲ್ಲಿ ಮಂತ್ರಿಗಳ ಫೋಟೋ ನಾವು ತೋರಿಸ್ತೀವಿ, ಕಡತ ಓದೋರು ಬೇರೆಯವರು.

ಒಂದು ಮಾತು ಬಿಡಿಸಿ ಹೇಳ್ತೀನಿ, ಏಜೆಂಟರು ಇದನ್ನ ಹೇಳಲ್ಲ. ಬ್ರಸೆಲ್ಸ್‌ನ ಒಕ್ಕೂಟದಲ್ಲಿ ಕಾಯಂ ಅಧಿಕಾರಿ ಆಗೋಕೆ ಸಾಮಾನ್ಯವಾಗಿ ಸದಸ್ಯ ದೇಶದ ಪೌರತ್ವ ಬೇಕು. ಐದು ತಿಂಗಳ ತರಬೇತಿಗೆ ಹೊರಗಿನವರನ್ನೂ ತಗೋತಾರೆ, ಆದರೆ ಜಾಗ ಕಮ್ಮಿ. ಆ ಆಸೆ ತೋರಿಸಿ ಸಾಲ ಮಾಡಿಸೋರನ್ನ ನಂಬಬೇಡಿ. ಬರೀ ಡಿಗ್ರಿಯೂ ಸಾಲದು. ಫ್ರೆಂಚ್ ಅಥವಾ ಜರ್ಮನ್ ಬರಬೇಕು, ಜೊತೆಗೆ ಕಾನೂನೋ ಅರ್ಥಶಾಸ್ತ್ರವೋ ಒಂದು ಗಟ್ಟಿ ಇರಬೇಕು. ನಮ್ಮ ಹುಡುಗಿಗೆ ಇನ್ನೊಂದು ಬಲ ಇದೆ: ತೋಟದ ಭಾಷೆ ಗೊತ್ತು.

ಮಣಿಪಾಲದಲ್ಲಿ ಯುರೋಪಿಯನ್ ಅಧ್ಯಯನ ಕೇಂದ್ರ ಇದೆ, ದೆಹಲಿಯ ಜೆಎನ್‌ಯುನಲ್ಲೂ ಇದೆ. ಈ ವರ್ಷ ಯಾವ ಕೋರ್ಸ್ ನಡೀತಿದೆ ಅಂತ ನೇರವಾಗಿ ಅವರನ್ನೇ ಕೇಳಿ. ಹೊರಗೆ ಹೋಗೋದಾದರೆ ಮೊದಲು ಎರಾಸ್ಮಸ್ ಮುಂಡಸ್ ನೋಡಿ. ಕನಿಷ್ಠ ಎರಡು ದೇಶದಲ್ಲಿ ಓದು, ವಿದ್ಯಾರ್ಥಿವೇತನ ಸಿಕ್ಕರೆ ಫೀಸಿಲ್ಲ, ತಿಂಗಳಿಗೆ 1,400 ಯುರೋ. ಕೊನೇ ವರ್ಷದಲ್ಲಿ ಇರೋರೂ ಹಾಕಬಹುದು. ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ. ಅರ್ಜಿಗೆ ಶುಲ್ಕ ಇಲ್ಲ, ಕೇಳಿದೋರಿಗೆ ಕೊಡಬೇಡಿ.