ಒಂದು ಪಂಕ್ತಿ, ಎರಡು ಎಲೆ

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ನಿನ್ನೆಯ ದಿನ ಪ್ರವಚನ ನಡೆಯುತ್ತಿದ್ದಾಗ ಒಂದು ಬೆಕ್ಕು ಈ ವೇದಿಕೆಯ ಮೇಲೆ ಬಂದು ಕುಳಿತುಕೊಂಡಿತು. ನೀವೆಲ್ಲ ನೋಡಿದಿರಿ. ಮಕ್ಕಳು ನಕ್ಕರು. ಮುಂದೆ ಕುಳಿತಿದ್ದ ಹಿರಿಯರೊಬ್ಬರು ವಲ್ಲಿ ಬೀಸಿ ಅದನ್ನು ಓಡಿಸಲು ಎದ್ದರು. ನಾವು ಬೇಡವೆಂದೆವು. ಆಮೇಲೆ ಅವರು ಬಂದು, 'ಬುದ್ಧೀ, ಶುಭಕಾರ್ಯದಲ್ಲಿ ಬೆಕ್ಕು ಅಡ್ಡ ಬರಬಾರದು' ಎಂದರು. ಶಕುನ ನೋಡುವುದು ಬೇಡವೆಂದು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹೇಳಿದರು. ನಾವು ಇನ್ನೂ ಬಿಟ್ಟಿಲ್ಲ. ಆ ಬೆಕ್ಕು ನಮಗೆ ಅಡ್ಡ ಬಂದದ್ದಲ್ಲ. ಉಗ್ರಾಣದ ಬಾಗಿಲು ಈ ವೇದಿಕೆಯ ಹಿಂದೆಯೇ ಇದೆ. ಸಂಜೆ ಹೊತ್ತು ಅದು ಕೂರುವ ಜಾಗದಲ್ಲಿ ನಾವು ವೇದಿಕೆ ಹಾಕಿದ್ದೇವೆ. ಅಡ್ಡ ಬಂದವರು ನಾವು.

ಆದ್ದರಿಂದ ಈ ದಿನ ಆ ಬೆಕ್ಕಿನ ವಿಷಯವನ್ನೇ ಹೇಳೋಣವೆಂದು ಮನಸ್ಸಾಗಿದೆ. 'ಶಾಸ್ತ್ರ ಕೇಳಲು ಬಂದರೆ ಸ್ವಾಮಿಗಳು ಬೆಕ್ಕಿನ ಕಥೆ ಹೇಳುತ್ತಾರಲ್ಲ' ಎಂದು ಯಾರೂ ಬೇಸರಪಡಬಾರದು. ಶಾಸ್ತ್ರದಲ್ಲಿ ಬೆಕ್ಕು ಬೇಕಾದಷ್ಟಿದೆ. ನಾವು ಪಾಠಶಾಲೆಯಲ್ಲಿ ಅಮರಕೋಶ ಬಾಯಿಪಾಠ ಮಾಡುವಾಗಲೇ ಅದರ ಹೆಸರುಗಳನ್ನು ಕಲಿತೆವು. ಬಿಡಾಲ, ಮಾರ್ಜಾರ, ಆಖುಭುಕ್. ಆಖುಭುಕ್ ಎಂದರೆ ಇಲಿಯನ್ನು ತಿನ್ನುವಂಥದು. ಹಿತೋಪದೇಶದಲ್ಲಿ ದೀರ್ಘಕರ್ಣನೆಂಬ ಬೆಕ್ಕು ಬರುತ್ತದೆ. ಧರ್ಮದ ಮಾತಾಡಿ ಮುದಿ ಹದ್ದಿನ ನಂಬಿಕೆ ಗಳಿಸಿ, ಮರದ ಮೇಲಿನ ಹಕ್ಕಿಮರಿಗಳನ್ನು ತಿಂದು, ತಪ್ಪನ್ನು ಹದ್ದಿನ ತಲೆಗೆ ಕಟ್ಟಿ ಹೋಗುತ್ತದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಇನ್ನೊಂದು ಇದೆ. ಗಂಗಾತೀರದಲ್ಲಿ ಕೈಯೆತ್ತಿ ತಪಸ್ಸಿಗೆ ನಿಂತು, ಶರಣು ಬಂದ ಇಲಿಗಳನ್ನು ದಿನಕ್ಕಿಷ್ಟು ನುಂಗಿದ ಬೆಕ್ಕು. ದುರ್ಯೋಧನನು ಆ ಕಥೆಯನ್ನು ಉಲೂಕನ ಬಾಯಲ್ಲಿ ಕಳಿಸಿ, ಧರ್ಮರಾಯನನ್ನೇ ಅಂಥ ಬೆಕ್ಕೆಂದು ಹಂಗಿಸುತ್ತಾನೆ. ಮಹಾಬಲಿಪುರಕ್ಕೆ ಹೋದವರು ಪಲ್ಲವರ ಕಾಲದ ದೊಡ್ಡ ಬಂಡೆಯ ಮೇಲೆ ತಪಸ್ಸಿಗೆ ನಿಂತ ಬೆಕ್ಕನ್ನೂ ಅದರ ಮುಂದಿನ ಇಲಿಗಳನ್ನೂ ನೋಡಿರಬಹುದು. ಶಾಂತಿಪರ್ವದಲ್ಲಿ ಭೀಷ್ಮರು ಲೋಮಶನೆಂಬ ಬೆಕ್ಕು, ಪಲಿತನೆಂಬ ಇಲಿ ಆಪತ್ಕಾಲದಲ್ಲಿ ಸ್ನೇಹ ಮಾಡಿಕೊಂಡ ಕಥೆ ಹೇಳುತ್ತಾರೆ. ಶ್ರೀವೈಷ್ಣವರಲ್ಲಿ ಮಾರ್ಜಾಲಕಿಶೋರ ನ್ಯಾಯವಿದೆ. ತಾಯಿಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಹೋಗುವಂತೆ ಭಗವಂತನು ಭಕ್ತನನ್ನು ಎತ್ತಿಕೊಳ್ಳುತ್ತಾನೆಂದು ಅದರ ಅರ್ಥ.

ಇಷ್ಟೆಲ್ಲ ಓದಿದೆವು. ಇವುಗಳಲ್ಲಿ ಬೆಕ್ಕು ಇಲಿಯೊಡನೆ ಹೇಗಿರುತ್ತದೆ, ಹಕ್ಕಿಯೊಡನೆ ಹೇಗಿರುತ್ತದೆ, ಮರಿಯೊಡನೆ ಹೇಗಿರುತ್ತದೆ ಎಂಬುದಿದೆ. ಒಂದು ಬೆಕ್ಕು ಇನ್ನೊಂದು ಬೆಕ್ಕಿನೊಡನೆ ಒಂದೇ ಮನೆಯಲ್ಲಿ ಹೇಗೆ ಬಾಳುತ್ತದೆ ಎಂಬುದು ಮಾತ್ರ ನಾವು ಓದಿದ ಈ ಕಥೆಗಳಲ್ಲಿ ಇರಲಿಲ್ಲ. ಆ ಪಾಠ ನಮಗೆ ಸಿಕ್ಕಿದ್ದು ಮಠದ ಉಗ್ರಾಣದಲ್ಲಿ.

ಉಗ್ರಾಣದಲ್ಲಿ ರಾಗಿ, ಅಕ್ಕಿ, ಬೇಳೆ ಇರುತ್ತದೆ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಮನುಷ್ಯನು ಬೇಸಾಯ ಕಲಿತು ಕಣಜ ತುಂಬಿಸಿದಾಗ ಬೆಕ್ಕು ತಾನಾಗಿಯೇ ಅವನ ಮನೆಗೆ ಬಂತೆಂದು ತಿಳಿದವರು ಹೇಳುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಮಗ್ಗುಲಲ್ಲೇ ಬೆಕ್ಕನ್ನು ಹೂಳಿದ್ದ ಸಂಗತಿ 2004ರಲ್ಲಿ ಪ್ರಕಟವಾಯಿತು. ನಮ್ಮ ಉಗ್ರಾಣಕ್ಕೂ ಹಾಗೆಯೇ ಒಂದು ಬೂದುಬಣ್ಣದ ಹೆಣ್ಣುಬೆಕ್ಕು ಯಾರೂ ಕರೆಯದೆ ಬಂದು ಸೇರಿತ್ತು. ದಾಸೋಹದ ಅಜ್ಜಿ ಅದಕ್ಕೆ ಗೌರಿಯೆಂದು ಹೆಸರಿಟ್ಟಳು. ಮಠದ ಬೆಕ್ಕಾದರೂ ಅದು ಇಲಿಯನ್ನು ಬಿಟ್ಟಿರಲಿಲ್ಲ. ನಾವೂ ಅದಕ್ಕೆ ದೀಕ್ಷೆ ಕೊಡಲು ಹೋಗಲಿಲ್ಲ. ಅದರ ಕಾಯಕ ಅದು.

ಐದಾರು ವರ್ಷ ಗೌರಿ ಒಬ್ಬಳೇ ಇದ್ದಳು. ಒಂದು ಮಳೆಗಾಲದ ರಾತ್ರಿ ಪ್ರಸಾದನಿಲಯದ ಹುಡುಗನೊಬ್ಬ ನೆನೆದು ನಡುಗುತ್ತಿದ್ದ ಕೆಂಪುಮರಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದ. ಅದಕ್ಕೆ ಕೆಂಚನೆಂದು ಹೆಸರಾಯಿತು. ಗೌರಿ ಅದನ್ನು ಕಂಡದ್ದೇ ತಡ, ಬೆನ್ನು ಬಿಲ್ಲಾಯಿತು, ಬಾಲ ಪೊರಕೆಯಾಯಿತು. ಎರಡು ದಿನ ಅನ್ನ ಮುಟ್ಟಲಿಲ್ಲ. ಅಜ್ಜಿ ಬಂದು, 'ಬುದ್ಧೀ, ಇವೆರಡಕ್ಕೂ ಆಗಿಬರೋದಿಲ್ಲ, ಒಂದನ್ನು ಎಲ್ಲಾದರೂ ಬಿಟ್ಟು ಬರಲಿ' ಎಂದಳು. ನಮಗೆ ಉಪದೇಶ ಮಾಡುವ ಅಭ್ಯಾಸವಲ್ಲವೇ? 'ಎರಡಕ್ಕೂ ಒಂದೇ ತಟ್ಟೆಯಲ್ಲಿ ಹಾಕು, ಕೂಡಿ ತಿಂದರೆ ಕೂಡಿ ಬಾಳುತ್ತವೆ' ಎಂದು ಅಪ್ಪಣೆ ಮಾಡಿದೆವು. ಒಂದೇ ತಟ್ಟೆಯಲ್ಲಿ ಹಾಕಿದಳು. ಆ ದಿನ ಕೆಂಚನ ಮೂಗಿನ ಮೇಲೆ ಬಿದ್ದ ಗೀರು ಕೊನೆಯತನಕ ಹೋಗಲಿಲ್ಲ. ಅದು ನಮ್ಮ ಉಪದೇಶದ ಗುರುತು.

ಮಠದ ದನಗಳನ್ನು ನೋಡಲು ಬರುತ್ತಿದ್ದ ಪಶುವೈದ್ಯರು ಇದನ್ನು ಕೇಳಿ ನಕ್ಕರು. ಅವರು ಹೇಳಿದ ಮಾತು ಇದು. ನಾಯಿಯ ಪೂರ್ವಿಕರು ಗುಂಪು ಕಟ್ಟಿ ಬೇಟೆಯಾಡಿದವು, ಕೂಡಿ ತಿಂದವು. ಆದ್ದರಿಂದ ಜಗಳವಾದರೆ ರಾಜಿಯಾಗುವ ವಿದ್ಯೆ ನಾಯಿಗೆ ಹುಟ್ಟಿನಿಂದ ಬಂದಿದೆ. ಬೆಕ್ಕು ಒಂಟಿಯಾಗಿ ಬೇಟೆಯಾಡುತ್ತದೆ, ಒಂಟಿಯಾಗಿ ತಿನ್ನುತ್ತದೆ. ಅದಕ್ಕೆ ರಾಜಿ ಗೊತ್ತಿಲ್ಲ. ಅದು ಶಾಂತಿಯನ್ನು ಕಾಪಾಡುವುದು ದೂರದಿಂದ ಮತ್ತು ಹೊತ್ತಿನಿಂದ. 'ಸ್ವಾಮೀಜಿ, ತಟ್ಟೆ ಎರಡಿರಲಿ, ನೀರು ಎರಡು ಕಡೆ ಇರಲಿ, ಹತ್ತಿಕೂರಲು ಎರಡು ಜಾಗವಿರಲಿ. ಮಿಕ್ಕದ್ದನ್ನು ಅವೇ ಗೊತ್ತುಮಾಡಿಕೊಳ್ಳುತ್ತವೆ' ಎಂದರು.

ಹಾಗೆಯೇ ಆಯಿತು. ತಿಂಗಳೆರಡು ಕಳೆಯುವುದರೊಳಗೆ ಅವೆರಡರ ಮಧ್ಯೆ ಒಂದು ಕಟ್ಟುಪಾಡು ಬೆಳೆಯಿತು. ಉಗ್ರಾಣದ ಮೂಡಲ ಕಿಟಕಿಯಿಂದ ಬೆಳಗಿನ ಬಿಸಿಲು ರಾಗಿಮೂಟೆಯ ಮೇಲೆ ಬೀಳುತ್ತದೆ. ಶಾಲೆಯ ಮೊದಲ ಗಂಟೆ ಹೊಡೆಯುವತನಕ ಆ ಮೂಟೆ ಗೌರಿಯದು. ಗಂಟೆಯಾಯಿತೆಂದರೆ ಇಳಿದು ಒಲೆಯ ಮಗ್ಗುಲಿಗೆ ಹೋಗುತ್ತಿದ್ದಳು. ಆಮೇಲೆ ಕೆಂಚ ಏರುತ್ತಿದ್ದ. ಅಲ್ಲಿಯವರೆಗೆ ಅವನು ಮೂರು ಮಾರು ದೂರದ ಹೊಸ್ತಿಲ ಬಳಿ ಮುಂಗಾಲು ಮಡಚಿ, ತನಗೆ ಮೂಟೆಯ ಮೇಲೆ ಆಸೆಯೇ ಇಲ್ಲವೆಂಬಂತೆ ಬೇರೆ ಕಡೆ ನೋಡುತ್ತ ಕೂತಿರುತ್ತಿದ್ದ. ಈ ಕರಾರನ್ನು ಯಾರು ಬರೆದರು? ಸಾಕ್ಷಿ ಯಾರು? ಛಾಪಾ ಕಾಗದವಿಲ್ಲ, ವಕೀಲರಿಲ್ಲ. ಕೆಂಚನಿಗೆ ತುಂಟತನ ಹೆಚ್ಚಾಗಿ ಅವಳ ಬಾಲಕ್ಕೆ ಕೈ ಹಾಕಿದರೆ ಗೌರಿ ಒಂದು ಏಟು ಕೊಡುತ್ತಿದ್ದಳು, ಆದರೆ ಉಗುರನ್ನು ಒಳಗಿಟ್ಟುಕೊಂಡು. ಉಗುರಿದ್ದೂ ಒಳಗಿಟ್ಟುಕೊಳ್ಳುವುದಕ್ಕೆ ಕ್ಷಮೆ ಎಂದು ಹೆಸರು. ಉಗುರೇ ಇಲ್ಲದವನ ಕ್ಷಮೆ ದೊಡ್ಡದಲ್ಲ.

ಆಗ ನಮಗೆ ದಾಸೋಹದ ಅರ್ಥ ಇನ್ನೊಂದು ರೀತಿಯಲ್ಲಿ ಹೊಳೆಯಿತು. ದಾಸೋಹದಲ್ಲಿ ಪಂಕ್ತಿ ಒಂದೇ. ಬಡವ ಬಲ್ಲಿದ ಭೇದವಿಲ್ಲ, ಜಾತಿಭೇದವಿಲ್ಲ. ಆದರೆ ಪ್ರತಿಯೊಬ್ಬನ ಮುಂದೆ ಅವನವನ ಎಲೆ ಇರುತ್ತದೆ. ಪಂಕ್ತಿ ಒಂದು, ಎಲೆ ಬೇರೆ. ಎಲೆ ಬೇರೆಯಾದ ಮಾತ್ರಕ್ಕೆ ಪಂಕ್ತಿ ಮುರಿಯುವುದಿಲ್ಲ. ಎಲ್ಲರನ್ನೂ ಒಂದೇ ಎಲೆಗೆ ಕೂರಿಸಿದರೆ ಐಕ್ಯ ಬರುವುದಿಲ್ಲ, ಕೈಕೈ ತಾಗುತ್ತದೆ.

ಈ ಮಾತನ್ನು ಹೇಳುವಾಗ ನಮ್ಮದೊಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು. ನಾವು ಪೀಠಕ್ಕೆ ಬಂದ ಹೊಸತರಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲಿನ ವ್ಯಾಜ್ಯ ತಂದರು. ನಮಗೆ ಆಗ ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ಪಾಲೇ ಬೇಡ, ಕೂಡಿಯೇ ಇರಬೇಕು ಎಂದು ಹೇಳಿ, ಇಬ್ಬರ ಕೈಯನ್ನೂ ಹಿಡಿದು, ಗದ್ದುಗೆಯ ಮುಂದೆ ಮಾತು ತೆಗೆದುಕೊಂಡು ಕಳಿಸಿದೆವು. ಭಕ್ತರು ಜಯಕಾರ ಹಾಕಿದರು. ನಮಗೂ ಹೆಮ್ಮೆಯಾಯಿತು. ಆರು ತಿಂಗಳಲ್ಲಿ ಒಬ್ಬನ ತಲೆ ಒಡೆದು, ಇನ್ನೊಬ್ಬ ಠಾಣೆಯಲ್ಲಿ ಕುಳಿತ. ಅವರ ಮನೆಯ ಹೆಂಗಸರು ಒಂದೇ ಒಲೆಯ ಮುಂದೆ ಪಟ್ಟ ಬೇಗುದಿಯನ್ನು ನಾವು ಕೇಳಿಯೇ ಇರಲಿಲ್ಲ. ಅವರಿಗೆ ನಾವು ಒಂದೇ ತಟ್ಟೆಯಲ್ಲಿ ಬಡಿಸಿದ್ದೆವು. ಆ ಗೀರು ಮೂಗಿನ ಮೇಲಲ್ಲ, ಒಂದು ವಂಶದ ಮೇಲೆ ಬಿತ್ತು. ಗುರುವಾದವನು ಆಡಿದ ಮಾತು ತಪ್ಪಾದರೆ ಅದಕ್ಕೆ ಪ್ರಾಯಶ್ಚಿತ್ತವೂ ಸುಲಭವಲ್ಲ.

ಇನ್ನೊಂದು ಸಂಗತಿ ಕೇಳಿರಿ. ಒಮ್ಮೆ ಗೌರಿಯ ಕಾಲಿಗೆ ಗಾಯವಾಗಿ ಕೀವು ಕಟ್ಟಿತು. ಪಶುವೈದ್ಯಶಾಲೆಗೆ ಒಯ್ದು ಎರಡು ರಾತ್ರಿ ಅಲ್ಲಿಯೇ ಬಿಟ್ಟು, ಮೂರನೆಯ ದಿನ ತಂದೆವು. ಬುಟ್ಟಿಯಿಂದ ಇಳಿಸಿದ್ದೇ ತಡ, ಕೆಂಚ ಅವಳನ್ನು ಕಂಡು ಬುಸುಗುಟ್ಟಿ ಮೇಲೆ ಬಿದ್ದ. ಎರಡು ವರ್ಷ ಜೊತೆಯಲ್ಲಿ ಬಾಳಿದ್ದ ಗೌರಿ ಅವನಿಗೆ ಪರಕೀಯಳಾದಳು. ನಮಗೆ ನೋವಾಯಿತು. ಕೇಳಿದಾಗ ವೈದ್ಯರು ಹೇಳಿದರು: ಬೆಕ್ಕು ಮುಖಕ್ಕಿಂತ ಹೆಚ್ಚಾಗಿ ವಾಸನೆಯಿಂದ ಗುರುತು ಹಿಡಿಯುತ್ತದೆ. ಒಂದೇ ಮನೆಯ ಬೆಕ್ಕುಗಳು ಕೆನ್ನೆಗೆ ಕೆನ್ನೆ ಉಜ್ಜಿ ಒಂದು ಸಮಾನವಾದ ವಾಸನೆ ಮಾಡಿಕೊಂಡಿರುತ್ತವೆ. ಗೌರಿಯ ಮೈಗೆ ಈಗ ಔಷಧದ ವಾಸನೆ, ಬೇರೆ ಪ್ರಾಣಿಗಳ ವಾಸನೆ ಹತ್ತಿದೆ. ಕೆಂಚನ ಪಾಲಿಗೆ ಇದು ಗೌರಿಯಲ್ಲ, ಗೌರಿಯ ಆಕಾರದ ಇನ್ನಾವುದೋ ಪ್ರಾಣಿ.

ನಮ್ಮಲ್ಲಿಯೂ ಹೀಗಿಲ್ಲವೇ? ತಮ್ಮ ಪಟ್ಟಣಕ್ಕೆ ಹೋಗಿ ನಾಲ್ಕು ವರ್ಷಕ್ಕೆ ಬಂದರೆ, ಅವನ ಮೈಗೆ ಸಂಬಳದ ವಾಸನೆ ಹತ್ತಿದೆ ಎನ್ನುತ್ತೇವೆ. ಸೊಸೆ ತವರಿಗೆ ಹೋಗಿ ಬಂದರೆ, ತವರಿನ ವಾಸನೆ ಹತ್ತಿದೆ ಎನ್ನುತ್ತೇವೆ. ಕೋರ್ಟಿನ ವಾಸನೆ, ಪಕ್ಷದ ವಾಸನೆ, ಅವರಿವರ ಚಾಡಿಮಾತಿನ ವಾಸನೆ! ಒಳಗಿರುವವನು ಅದೇ ತಮ್ಮನೆಂಬುದು ನಮಗೆ ಕಾಣುವುದಿಲ್ಲ. ವಾಸನೆ ಎಂಬ ಶಬ್ದಕ್ಕೆ ಗಂಧವೆಂಬ ಅರ್ಥವೂ ಉಂಟು, ಮನಸ್ಸಿನಲ್ಲಿ ಹಿಂದಿನಿಂದ ಹತ್ತಿಕೊಂಡ ಸಂಸ್ಕಾರವೆಂಬ ಅರ್ಥವೂ ಉಂಟು. ವಾಸನಾಕ್ಷಯವಾಗದೆ ಜ್ಞಾನವಿಲ್ಲವೆಂದು ಪಾಠ ಹೇಳುತ್ತಿದ್ದ ನಮಗೆ ಅದರ ಅರ್ಥವನ್ನು ಕೆಂಚ ಕಣ್ಣೆದುರು ತೋರಿಸಿದ.

ಅದಕ್ಕೆ ಮದ್ದೇನು? ವೈದ್ಯರು ಸುಲಭದ ಮದ್ದು ಹೇಳಿದರು. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಇದು ಮಲಗಿದ ಬಟ್ಟೆಯನ್ನು ಅಲ್ಲಿ ಹಾಕಿ, ಅದು ಮಲಗಿದ ಬಟ್ಟೆಯನ್ನು ಇಲ್ಲಿ ಹಾಕಿ. ಬಲವಂತವಾಗಿ ಮುಖಾಮುಖಿ ಮಾಡಬೇಡಿ. ಅಜ್ಜಿ ಹಾಗೆಯೇ ಮಾಡಿದಳು. ಐದನೆಯ ದಿನ ಬಾಗಿಲು ತೆರೆದಾಗ ಕೆಂಚ ಬಾಲವನ್ನು ನೆಟ್ಟಗೆ ಮೇಲೆತ್ತಿಕೊಂಡು ಬಂದ. ಬೆಕ್ಕು ಬಾಲವೆತ್ತಿ ಬಂದರೆ ಅದು ಸ್ನೇಹದ ನಮಸ್ಕಾರ. ಗೌರಿಯ ಕಾಲಿನ ಗಾಯ ಮೂಸಿದ. ಆಮೇಲೆ ಅವಳ ಕಿವಿಯನ್ನು ಒಂದೆರಡು ಸಲ ನೆಕ್ಕಿ, ದೂರ ಹೋಗಿ ಹೊಸ್ತಿಲ ಬಳಿ ತನ್ನ ಹಳೆಯ ಜಾಗದಲ್ಲಿ ಕುಳಿತ. ಮೂಟೆಯ ಮೇಲೆ ಆಗ ಬಿಸಿಲಿತ್ತು. ಗೌರಿ ಕುಂಟುತ್ತ ಏರಿದಳು.

ಮೂರು ವರ್ಷಗಳ ಹಿಂದೆ ಮತ್ತೆ ಇಬ್ಬರು ಅಣ್ಣತಮ್ಮಂದಿರು ಬಂದರು. ಮನೆಯ ನಡುವೆ ಗೋಡೆಯೆದ್ದಿತ್ತು. ಮುಪ್ಪಿನ ತಾಯಿ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಮೂವತ್ತೊಂದು ದಿನದ ತಿಂಗಳು ಬಂದರೆ ಆ ಒಂದು ದಿನದ ಊಟ ಯಾರದೆಂದು ಜಗಳ! 'ಬುದ್ಧೀ, ಕೂಡಿರಿ ಎಂದು ಅಪ್ಪಣೆ ಮಾಡಿ' ಎಂದು ಊರವರು ಕೇಳಿದರು. ನಾವು ಮಾಡಲಿಲ್ಲ. ಗೋಡೆ ಇರಲಿ, ಒಲೆ ಎರಡಿರಲಿ ಎಂದೆವು. ಆ ತಾಯಿಯನ್ನು ಮಾತ್ರ ಕೇಳಿದೆವು, 'ಅವ್ವಾ, ನಿನಗೆ ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ?' ಆಕೆ, 'ಹಿರಿಯನ ಜಗುಲಿ ಮೇಲೆ, ಬುದ್ಧೀ. ಆದರೆ ರಾತ್ರಿ ಕಿರಿಯನ ಮನೆ ಬೆಚ್ಚಗಿರುತ್ತದೆ' ಎಂದಳು. ಹಾಗಾದರೆ ಹಗಲು ಅಲ್ಲಿ, ರಾತ್ರಿ ಇಲ್ಲಿ ಎಂದೆವು. ತಿಂಗಳ ಲೆಕ್ಕ ಹೋಯಿತು. ತಾಯಿ ದಿನಕ್ಕೆರಡು ಸಲ ಗೋಡೆಯನ್ನು ದಾಟತೊಡಗಿದಳು. ಆಕೆಯ ಕೈ ಹಿಡಿದು ದಾಟಿಸಲು ಮೊಮ್ಮಕ್ಕಳು ಬಂದರು. ಆಕೆಯ ಕಂಬಳಿ ಎರಡೂ ಮನೆಯ ವಾಸನೆಯನ್ನು ಹೊತ್ತು ತಿರುಗಿತು. ಅಣ್ಣತಮ್ಮಂದಿರು ಈಗಲೂ ಹೆಚ್ಚು ಮಾತಾಡುವುದಿಲ್ಲ. ಆದರೆ ಕಳೆದ ವರ್ಷ ತಾಯಿ ಲಿಂಗೈಕ್ಯಳಾದಾಗ ವಿಮಾನಕ್ಕೆ ಇಬ್ಬರೂ ಹೆಗಲು ಕೊಟ್ಟರು. ಯಾರೂ ಕೈ ಹಿಡಿದು ಕೂಡಿಸಬೇಕಾಗಲಿಲ್ಲ.

ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದು. ತಾನು ಎಲ್ಲರಿಗಿಂತ ಕಿರಿಯನೆಂದು ತಿಳಿದು ನಡೆಯುವುದು. ಅದು ಪಾದಕ್ಕೆ ಬೀಳುವುದಷ್ಟೇ ಅಲ್ಲ. ಇನ್ನೊಬ್ಬರ ಬಿಸಿಲಿನ ಹೊತ್ತು ಮುಗಿಯುವತನಕ ಹೊಸ್ತಿಲ ಬಳಿ ಕಾಯುವುದೂ ಭೃತ್ಯಾಚಾರವೇ.

ಗೌರಿ ಕಳೆದ ಮಾಘಮಾಸದಲ್ಲಿ ತೀರಿಕೊಂಡಳು. ಹುಡುಗರು ತೋಟದ ಬೇವಿನಮರದ ಬುಡದಲ್ಲಿ ಮಣ್ಣು ಮಾಡಿದರು. ಈಗ ಉಗ್ರಾಣವೆಲ್ಲ ಕೆಂಚನದೇ. ಆದರೆ ನಾವು ಈ ಬೆಳಿಗ್ಗೆಯೂ ನೋಡಿದೆವು. ಮೂಟೆಯ ಮೇಲೆ ಬಿಸಿಲು ಬಿದ್ದಿತ್ತು, ಮೂಟೆ ಬರಿದಾಗಿತ್ತು, ಕೆಂಚ ಹೊಸ್ತಿಲ ಬಳಿ ಮುಂಗಾಲು ಮಡಚಿ ಕುಳಿತಿದ್ದ. ಶಾಲೆಯ ಗಂಟೆ ಹೊಡೆದ ಮೇಲೆ ಎದ್ದು ಏರಿದ. ಅದು ದುಃಖವೋ, ಬರಿಯ ಅಭ್ಯಾಸವೋ ನಾವು ಹೇಳಲಾರೆವು. ಕಂಡದ್ದನ್ನು ಹೇಳಿದೆವು.

ಈ ಸಭೆಯಲ್ಲಿ ಅಣ್ಣನ ಹೊಸ್ತಿಲು ತುಳಿಯದೆ ವರ್ಷಗಳಾದವರು ಇದ್ದಾರೆ. ಯಾರೆಂದು ನಮಗೆ ಗೊತ್ತು, ನಿಮಗೂ ಗೊತ್ತು. ಹೋಗಿ ಅಪ್ಪಿಕೊಳ್ಳಿರೆಂದು ನಾವು ಹೇಳುವುದಿಲ್ಲ. ಗೋಡೆ ಒಡೆಯಿರೆಂದೂ ಹೇಳುವುದಿಲ್ಲ. ಈ ರಾತ್ರಿ ದಾಸೋಹದಲ್ಲಿ ಹುಗ್ಗಿ ಮಾಡಿದ್ದಾರೆ. ನೀವು ಪ್ರಸಾದ ಸ್ವೀಕರಿಸಿ ಏಳುವಾಗ ಒಂದು ಬಟ್ಟಲಲ್ಲಿ ಇಷ್ಟು ಇಸಿದುಕೊಳ್ಳಿ. ಹೋಗುವ ದಾರಿಯಲ್ಲಿ ಅವರ ಹೊಸ್ತಿಲ ಮೇಲೆ ಇಟ್ಟು, 'ಮಠದ ಪ್ರಸಾದ' ಎಂದು ಕೂಗಿ, ನಿಮ್ಮ ಮನೆಗೆ ಹೋಗಿರಿ. ಬಟ್ಟಲು ವಾಪಸು ಬರುತ್ತದೆಯೋ ಇಲ್ಲವೋ ನೋಡೋಣ. ಬಂದರೆ ಅದು ಬರಿದಾಗಿ ಬರುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಬರಿಯ ಬಟ್ಟಲನ್ನು ಹಿಂದಿರುಗಿಸಿದವರಲ್ಲ.

ಗುರುಬಸವಣ್ಣನವರ ಕೃಪೆ ನಿಮ್ಮೆಲ್ಲರ ಮೇಲಿರಲಿ.