ಸೇವೆಗೂ ಸಂಬಳ ಬೇಕು

ಹೊಸಪೇಟೆ, ಕಂಪ್ಲಿ ಕಡೆಯ ನರ್ಸೊಬ್ಬರು ಯುದ್ಧ, ಬರ, ರೋಗಗಳಿಂದ ನಲುಗಿದ ದೇಶಕ್ಕೆ ದುಡಿಯಲು ಹೊರಟರೆ ‘ಸೇವೆ ಅಂದಮೇಲೆ ಸಂಬಳ ಯಾಕೆ?’ ಎಂಬ ಪ್ರಶ್ನೆ ಏಳುತ್ತದೆ. ಕೇಳಲು ಚೆಂದದ ಮಾತು, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯಂತೆ ಜಗತ್ತಿನಲ್ಲಿ 59 ಲಕ್ಷ ನರ್ಸ್‌ಗಳ ಕೊರತೆಯಿತ್ತು. ಅದರಲ್ಲಿ ಶೇ 89ರಷ್ಟು ಕಡಿಮೆ ಮತ್ತು ಕೆಳಮಧ್ಯಮ ಆದಾಯದ ದೇಶಗಳದ್ದೇ. ಇಷ್ಟು ದೊಡ್ಡ ಕೊರತೆಯನ್ನು ರಜೆಯಲ್ಲಿ ಹೋಗಿಬರುವ ಸ್ವಯಂಸೇವಕರು ತುಂಬಲಾರರು. 1971ರಲ್ಲಿ ಹುಟ್ಟಿ, 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ತನ್ನ ನರ್ಸ್‌ಗಳಿಗೆ ಸಂಬಳ ಕೊಡುತ್ತದೆ, ಬದಲಿಗೆ ನುರಿತ ಕೈಯನ್ನೇ ಕೇಳುತ್ತದೆ.

ನಮ್ಮಲ್ಲೇ ಕೊರತೆ ಇರುವಾಗ ಹೊರಗೆ ಹೋಗುವುದು ಸರಿಯೇ? ಈ ಆಕ್ಷೇಪ ಹಗುರವಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ಆಮ್ಲಜನಕ ಹತ್ತಿರವಿದೆಯೆಂದೇ, ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಆಮ್ಲಜನಕ ಕೊಳವೆಯಲ್ಲಿ ಬರುತ್ತದೆ. ನರ್ಸ್ ಹಾಗೆ ಬರುವುದಿಲ್ಲ. ಆದರೆ ‘ಗಡಿಗಳಿಲ್ಲದ ವೈದ್ಯರು’ ಥರದ ಸಂಸ್ಥೆಗಳು ಸಾಮಾನ್ಯವಾಗಿ ಎರಡು ವರ್ಷದ ಅನುಭವ ಬಯಸುತ್ತವೆ. ಅಂದರೆ ಮೊದಲ ಪಾಠ ಇಲ್ಲಿನ ವಾರ್ಡಿನಲ್ಲೇ ಆಗಬೇಕು. ಹೊರಗಿನ ಕೆಲಸವೂ ಹೆಚ್ಚಾಗಿ ತಿಂಗಳುಗಳ ಅವಧಿಯದು; ಕಾಲರಾ ಶಿಬಿರ ನಡೆಸಿ ಬಂದವರ ಅನುಭವ ಊರಿಗೂ ಒದಗುತ್ತದೆ. ಅವರು ಮರಳಿ ಬರಬೇಕಾದರೆ ಇಲ್ಲಿನ ಗುತ್ತಿಗೆ ನರ್ಸ್‌ಗಳ ಸಂಬಳ ಸುಧಾರಿಸಬೇಕು ಎಂಬುದು ಬೇರೆ ಮಾತು. ಹೊರಡುವವರು ಇಂಗ್ಲಿಷಿನ ಜೊತೆ ಫ್ರೆಂಚ್ ಅಥವಾ ಅರಬ್ಬಿ ಕಲಿತರೆ ಅವಕಾಶ ಹೆಚ್ಚು. ಅರ್ಜಿಯನ್ನು ನೇರವಾಗಿ ಸಂಸ್ಥೆಗೇ ಹಾಕಬೇಕು, ನೋಂದಣಿಯಿಲ್ಲದ ಏಜೆಂಟರ ಕೈಗೆ ದುಡ್ಡನ್ನಾಗಲಿ ಪಾಸ್‌ಪೋರ್ಟನ್ನಾಗಲಿ ಕೊಡಬಾರದು.